ಮಾತ್ರೆಯ ಸವತಿ

ಅವಳ ಹೊಟ್ಟೆ ಒಂದೇ ಪಕ್ಕಕ್ಕೆ ಊದಿಕೊಂಡಿತ್ತು. ಎಡಗಡೆ ಪಕ್ಕೆಲುಬಿನ ಕೆಳಗೆ ಕೈಯಿಟ್ಟರೆ ಕಲ್ಲಿನ ಹಾಗೆ ಏನೋ ಸಿಗುತ್ತಿತ್ತು. ಎರಡು ತುತ್ತು ಇಳಿಯುವಷ್ಟರಲ್ಲಿ ಹೊಟ್ಟೆ ಬಿರಿಯುತ್ತಿತ್ತು. ಮೈ ಮಾತ್ರ ದಿನದಿನಕ್ಕೆ ಸೊರಗುತ್ತಿತ್ತು.

ಅವಳು ಹಾಸಿಗೆ ಅಂಗಡಿಯಲ್ಲಿ ಹೊಲಿಯುವವಳು. ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಳಿಯೆಂದರೆ ಹತ್ತಿ, ಉಸಿರೆಂದರೆ ಹತ್ತಿ. ಅಲ್ಲಿ ಆರು ಹೆಂಗಸರು ಮೊಳದುದ್ದದ ಸೂಜಿ ಹಿಡಿದು ಹಾಸಿಗೆಯ ಈ ಕಡೆಯಿಂದ ಚುಚ್ಚಿ ಆ ಕಡೆಯಿಂದ ಎಳೆಯುತ್ತಿದ್ದರು. ಹಾಸಿಗೆಗೆ ಇಷ್ಟು ಅಂತ ಕೂಲಿ. ಕೂತರೆ ಕೂಲಿ ಇಲ್ಲ. ಮಲಗಿದರಂತೂ ಇಲ್ಲವೇ ಇಲ್ಲ.

"ಎಷ್ಟನೇ ತಿಂಗಳೇ?" ಅಂತ ಜೊತೆಯವರು ಛೇಡಿಸುತ್ತಿದ್ದರು.

"ಈ ವಯಸ್ಸಲ್ಲಿ ನಾಚಿಕೆ ಆಗಲ್ವಾ ನಿನಗೆ?"

"ನನಗ್ಯಾಕೆ ನಾಚಿಕೆ? ನಿಮ್ಮ ಅಣ್ಣನ್ನ ಕೇಳಿ," ಅಂತ ಅವಳೂ ನಗುತ್ತಿದ್ದಳು. ನಗುವಾಗ ಪಕ್ಕೆ ಹಿಡಿದುಕೊಳ್ಳುತ್ತಿದ್ದಳು.

ಒಂದು ದಿನ ಸೂಜಿ ಅರ್ಧ ಹೋಗಿ ನಿಂತಿತು. ಎಳೆಯಲು ಕೈಯಲ್ಲಿ ಕಸುವಿರಲಿಲ್ಲ. ಕಣ್ಣು ಕತ್ತಲೆ ಬಂದು ಹತ್ತಿಯ ರಾಶಿಯ ಮೇಲೆ ಬಿದ್ದಳು. ಅಂಗಡಿಯ ಯಜಮಾನ ಬಾಗಿಲಲ್ಲಿ ನಿಂತು ನೋಡಿದ. "ಎಬ್ಬಿಸ್ರಮ್ಮ, ಹತ್ತಿ ಕೊಳೆಯಾಗುತ್ತೆ," ಅಂದ.

ಗಂಡ ಅವಳನ್ನು ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದ. ಅವನು ಬೀಗ ರಿಪೇರಿಯವನು. ಬಸ್ ನಿಲ್ದಾಣದ ಗೋಡೆಗೆ ಕೀಲಿಕೈಗಳ ಸರ ನೇತುಹಾಕಿ, ಪಕ್ಕದಲ್ಲೊಂದು ಕೀಲಿ ಕೊರೆಯುವ ಮಿಷಿನ್ ಇಟ್ಟುಕೊಂಡು ಕೂರುತ್ತಿದ್ದ. ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಮತ್ತೆ ತೆಗೆದರು. ಖಚಿತವಾಗಬೇಕಾದರೆ ಇನ್ನೊಂದು ಪರೀಕ್ಷೆ ಆಗಬೇಕು, ಆಸ್ಪತ್ರೆಯ ಯಂತ್ರ ಕೆಟ್ಟಿದೆ, ಹೊರಗಡೆ ಮಾಡಿಸಿಕೊಂಡು ಬನ್ನಿ ಅಂದರು. ಆ ಪರೀಕ್ಷೆಗೆ ಗಂಡ ತನ್ನ ಮಿಷಿನ್ ಮಾರಿದ. ಅಂದಿನಿಂದ ಅರದಲ್ಲಿ ಉಜ್ಜಿ ಉಜ್ಜಿ ಕೀಲಿ ಮಾಡತೊಡಗಿದ.

ಡಾಕ್ಟರಮ್ಮ ಒಳ್ಳೆಯವರು. ಇಬ್ಬರನ್ನೂ ಕೂರಿಸಿ ಹೇಳಿದರು.

"ಇದು ರಕ್ತದ ಕ್ಯಾನ್ಸರ್ ಅಮ್ಮ. ಹೆದರಬೇಡಿ. ಇದು ನಿಧಾನಕ್ಕೆ ಬೆಳೆಯೋ ಜಾತಿ. ಇದಕ್ಕೆ ಒಳ್ಳೆ ಮಾತ್ರೆ ಇದೆ. ದಿನಾ ಒಂದು. ತಪ್ಪದೆ ನುಂಗಿದ್ರೆ ಮುದುಕಿಯಾಗೋವರೆಗೂ ಇರ್ತೀರಿ."

"ಎಷ್ಟು ದಿನ ನುಂಗ್ಬೇಕು, ಡಾಕ್ಟ್ರಮ್ಮ?"

"ಇರೋವರೆಗೂ."

ಗಂಡ ಮುಂದಕ್ಕೆ ಬಾಗಿದ. "ಮಾತ್ರೆ ಇಲ್ಲೇ ಕೊಡ್ತೀರಾ?"

ಡಾಕ್ಟರಮ್ಮ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ಕೊಡ್ತೀವಿ. ಆದ್ರೆ ಈ ಆಸ್ಪತ್ರೆಗೆ ಇಷ್ಟೇ ಜನಕ್ಕೆ ಅಂತ ಮಂಜೂರಾಗಿದೆ. ಎಲ್ಲ ಜಾಗಾನೂ ತುಂಬಿದೆ. ಯಾರಾದ್ರೂ ಖಾಲಿ ಮಾಡಿದ್ರೆ ಮೊದಲ ಸರದಿ ನಿಮ್ಮದೇ."

"ಖಾಲಿ ಮಾಡೋದು ಅಂದ್ರೆ?"

ಡಾಕ್ಟರಮ್ಮ ಚೀಟಿ ಎಳೆದುಕೊಂಡು ಬರೆಯತೊಡಗಿದರು. ಗಂಡನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳಿಗೆ ಆಗಲೇ ಅರ್ಥವಾಗಿತ್ತು.

ಅಲ್ಲಿಯವರೆಗೆ ಒಂದು ಅಗ್ಗದ ಕ್ಯಾಪ್ಸೂಲ್ ಬರೆದುಕೊಟ್ಟರು. ಅದು ಉರಿಯುವ ಕೆಂಡದ ಮೇಲೆ ಬೂದಿ ಎಳೆದ ಹಾಗೆ, ಕೆಂಡ ಒಳಗೇ ಇರುತ್ತದೆ. ಅಸಲಿ ಮಾತ್ರೆಯ ಬೆಲೆ ಹೊರಗಿನ ಔಷಧಿ ಅಂಗಡಿಯಲ್ಲಿ ಕೇಳಿದರು. ಒಂದು ತಿಂಗಳ ಮಾತ್ರೆಗೆ ಗಂಡಹೆಂಡಿರಿಬ್ಬರ ಮೂರು ತಿಂಗಳ ದುಡಿಮೆ. ಅಂಗಡಿಯವನು ಬೆಲೆ ಹೇಳಿ, ಮುಖ ನೋಡಿ, ಡಬ್ಬಿಯನ್ನು ಮತ್ತೆ ಮೇಲಿನ ಕಪಾಟಿಗೆ ಇಟ್ಟ.

ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ತಿಂಗಳಿಗೊಮ್ಮೆ ಸಾಲು ನಿಲ್ಲುತ್ತಿತ್ತು. ಮಾತ್ರೆಯವರೂ ಕ್ಯಾಪ್ಸೂಲಿನವರೂ ಒಂದೇ ಸಾಲು. ಹಾಸಿಗೆಯವಳು ಮೊದಲ ಸಲ ಅಲ್ಲಿ ನಿಂತಾಗ ಅವಳ ಮುಂದೆ ಒಬ್ಬ ಹೆಂಗಸು ನಿಂತಿದ್ದಳು. ತುಂಬಿದ ಕೆನ್ನೆ, ಬಲಿತ ತೋಳು, ದೊಡ್ಡ ದನಿ. ಕಿಟಕಿಯವನು ಅವಳಿಗೆ ಡಬ್ಬಿ ಕೊಟ್ಟ. ಅವಳು ಅದನ್ನು ಕಣ್ಣಿಗೊತ್ತಿಕೊಂಡು, ಚೀಲಕ್ಕೆ ಹಾಕಿ, "ಬರ್ತೀನಪ್ಪಾ, ಮುಂದಿನ ತಿಂಗಳು ಬದುಕಿದ್ರೆ!" ಅಂತ ನಕ್ಕು ಹೋದಳು.

ಸಾಲಿನಲ್ಲಿದ್ದ ಟೋಪಿಯ ಮುದುಕ, ಒಂದು ಕಾಲದಲ್ಲಿ ಗೋದಾಮಿನ ಕಾವಲುಗಾರನಾಗಿದ್ದವನು, ಹಾಸಿಗೆಯವಳ ಕಡೆ ತಿರುಗಿದ. ಅವನಿಗೂ ಜಾಗ ಸಿಕ್ಕಿತ್ತು.

"ಹೊಸಬಳಾ? ಜಾಗ ಸಿಕ್ತಾ?"

"ಇಲ್ಲ ತಾತ. ತುಂಬಿದೆಯಂತೆ."

"ಈಗ ಹೋದಳಲ್ಲ, ಮೊಟ್ಟೆಯವಳು, ಕೊನೇ ಜಾಗ ಅವಳದ್ದೇ. ನಿನಗಿಂತ ಒಂದು ತಿಂಗಳು ಮುಂಚೆ ಬಂದಳು ಅಷ್ಟೆ. ಅವಳು ನಿನಗೆ ಸವತಿ ಕಣಮ್ಮ. ಒಂದೇ ಗಂಡ, ಅವಳು ಕಟ್ಟಿಕೊಂಡಳು, ನೀನು ಬಾಗಿಲಲ್ಲಿ ನಿಂತೆ."

ಸಾಲಿನವರು ನಕ್ಕರು; ಆ ಮಾತು ಮುಂದೆ ಮೊಟ್ಟೆಯವಳ ಕಿವಿಗೂ ಬಿತ್ತು. ಹಾಸಿಗೆಯವಳು ನಗಲಿಲ್ಲ. ಒಂದು ತಿಂಗಳು! ಆ ಒಂದು ತಿಂಗಳು ತಾನು ಎಲ್ಲಿದ್ದೆ? ಹತ್ತಿ ರಾಶಿಯ ಮೇಲೆ ಬೀಳದೆ, ಹಲ್ಲು ಕಚ್ಚಿ ಸೂಜಿ ಎಳೆಯುತ್ತಿದ್ದೆ. ಬೇಗ ಬಿದ್ದಿದ್ದರೆ ಬದುಕುತ್ತಿದ್ದೆ.

ಅಂದಿನಿಂದ ಅವಳ ತಲೆಯೊಳಗೆ ಮೊಟ್ಟೆಯವಳು ಸಂಸಾರ ಹೂಡಿದಳು. ಅವಳು ತಳ್ಳುಗಾಡಿಯಲ್ಲಿ ಮೊಟ್ಟೆ ಮಾರುತ್ತಾಳೆ, ಮೂರು ಬೀದಿ ಆಚೆ ನಿಲ್ಲುತ್ತಾಳೆ ಅಂತ ಗೊತ್ತಾಯಿತು. ಮನೆಯ ಪಕ್ಕದಲ್ಲೇ ಮೊಟ್ಟೆ ಅಂಗಡಿ ಇದ್ದರೂ ಹಾಸಿಗೆಯವಳು ಮೂರು ಬೀದಿ ದಾಟಿ ಹೋಗತೊಡಗಿದಳು. ಮೊಟ್ಟೆ ಒಂದು ನೆಪ. ನೋಡಬೇಕಾದದ್ದು ಮುಖ. ಕೆನ್ನೆ ಇಳಿದಿದೆಯೇ? ಕಣ್ಣು ಹಳದಿಯಾಗಿದೆಯೇ? ಗಾಡಿ ತಳ್ಳಿಕೊಂಡು ರಸ್ತೆಯ ಏರು ಹತ್ತುವಾಗ ಏದುಸಿರು ಬರುತ್ತದೆಯೇ?

ಏನೂ ಇರಲಿಲ್ಲ. ಮೊಟ್ಟೆಯವಳು ಬನ್ನು ತಿನ್ನುತ್ತಾ ಗಿರಾಕಿಗಳ ಜೊತೆ ಜಗಳ ಆಡುತ್ತಿದ್ದಳು. "ನೋಡೇ ತಂಗಿ, ಈ ಮಾತ್ರೆ ನುಂಗೋಕೆ ಶುರುಮಾಡಿದ ಮೇಲೆ ಬೊಜ್ಜು ಬಂತು," ಅಂತ ಸೊಂಟ ಹಿಡಿದು ತೋರಿಸಿದಳು.

ಬೊಜ್ಜಂತೆ! ಹಾಸಿಗೆಯವಳ ಮೈಯಲ್ಲಿ ಹಿಡಿ ಮಾಂಸವಿರಲಿಲ್ಲ. ಕುಪ್ಪಸ ಎರಡು ಸಲ ಒಳಗೆ ಹೊಲಿದಾಗಿತ್ತು.

"ಇದು ಒಡೆದಿದೆ, ದುಡ್ಡು ಬೇಡ, ತಗೊಂಡು ಹೋಗು," ಅಂತ ಮೊಟ್ಟೆಯವಳು ಬಿರುಕು ಬಿಟ್ಟ ಮೊಟ್ಟೆಗಳನ್ನು ಕಾಗದದಲ್ಲಿ ಸುತ್ತಿಕೊಡುತ್ತಿದ್ದಳು. "ನೀನು ತಿನ್ನಬೇಕು ಕಣೇ. ಕಡ್ಡಿ ಆಗಿದ್ದೀಯ."

ಆ ಕರುಣೆಯೇ ಅವಳನ್ನು ಹೆಚ್ಚು ಸುಟ್ಟಿತು. ದಾನ ಮಾಡುವಷ್ಟು ಕೊಬ್ಬು ಇವಳಿಗೆ! ಮನೆಗೆ ಬಂದು ಆ ಮೊಟ್ಟೆಗಳನ್ನು ಬೇಯಿಸುವಾಗಲೂ ಗೊಣಗುತ್ತಿದ್ದಳು.

ಮೂಲೆಯಲ್ಲಿ ಕೂತ ಅತ್ತೆ ಕೇಳಿಸಿಕೊಳ್ಳುತ್ತಿದ್ದಳು. "ಅವಳ ಮೊಟ್ಟೆ ತಿಂದು ಅವಳ ಮೇಲೇ ಉರ್ಕೊಳ್ತೀಯಲ್ಲೇ?"

"ನಿಮಗೇನು ಗೊತ್ತು ಅತ್ತೆ? ಅವಳು ನುಂಗೋದು ನನ್ನ ಆಯಸ್ಸು."

"ನಿನಗೆ ಬಂದಿರೋದು ಬರೀ ಹೊಟ್ಟೆ ಊತ ಅಲ್ಲ. ಹೊಟ್ಟೆಕಿಚ್ಚು. ಅದಕ್ಕೆ ಯಾವ ಆಸ್ಪತ್ರೇಲೂ ಮಾತ್ರೆ ಇಲ್ಲ."

ಒಂದು ಸಲ ಮೊಟ್ಟೆಯವಳು ಕೆಮ್ಮುತ್ತಾ ನಿಂತಿದ್ದಳು. ಮುಖ ಬಾಡಿತ್ತು. "ಯಾಕೋ ಎರಡು ದಿನದಿಂದ ಮೈ ಬಿಸಿ ತಂಗಿ," ಅಂದಳು. ಹಾಸಿಗೆಯವಳು "ಅಯ್ಯೋ ಪಾಪ, ಹುಷಾರು ಅಕ್ಕ," ಅಂದಳು. ಅಂದು ಮನೆಗೆ ಬಂದವಳಿಗೆ ಬಹಳ ದಿನದ ಮೇಲೆ ಹಸಿವಾಯಿತು. ತಟ್ಟೆ ತುಂಬ ಬಡಿಸಿಕೊಂಡಳು. ಅರ್ಧ ತಿನ್ನುವಾಗ ತನ್ನ ಹಸಿವಿನ ಕಾರಣ ತನಗೇ ತಿಳಿಯಿತು. ಆದರೂ ನುಂಗಿದಳು.

ಮುಂದಿನ ವಾರ ಮೊಟ್ಟೆಯವಳು ಗುಣವಾಗಿ ನಗುತ್ತಾ ನಿಂತಿದ್ದಳು. ಅಷ್ಟೇ ಅಲ್ಲ, ತಳ್ಳುಗಾಡಿಯ ಜಾಗದಲ್ಲಿ ಮೂರು ಗಾಲಿಯ ಮೋಟಾರು ಗಾಡಿ ನಿಂತಿತ್ತು. ನೀಲಿ ಬಣ್ಣ, ಹಿಂದೆ ಮೊಟ್ಟೆಯ ಟ್ರೇಗಳ ಗೋಪುರ.

"ಕಂತಿನ ಮೇಲೆ ತಗೊಂಡೆ. ಇನ್ನು ತಳ್ಳೋ ಕಷ್ಟ ಇಲ್ಲ. ಕೂತ್ಕೋ ಬಾ, ಮನೆವರೆಗೂ ಬಿಡ್ತೀನಿ."

"ಬೇಡ ಅಕ್ಕ, ನಡ್ಕೊಂಡು ಹೋಗ್ತೀನಿ."

ನಡೆಯುತ್ತಾ ಹೋದಳು. ಪಕ್ಕೆ ಹಿಡಿದುಕೊಂಡು, ಎರಡು ಕಂಬಕ್ಕೊಮ್ಮೆ ನಿಂತು ಉಸಿರೆಳೆದುಕೊಂಡು ಹೋದಳು. ಔಷಧಿ ಕಿಟಕಿಯ ಪಕ್ಕದಲ್ಲಿದ್ದ ಬೋರ್ಡು ಅವಳಿಗೆ ಬಾಯಿಪಾಠವಾಗಿತ್ತು, ಸಾಲಿನಲ್ಲಿ ನಿಂತವರಿಗೆ ಓದಲು ಬೇರೇನಿದೆ? ಸ್ವಂತ ವಾಹನ ಇರುವವರಿಗೆ ಉಚಿತ ಔಷಧಿ ಇಲ್ಲ. ಆವರೆಗೆ ಬೋರ್ಡಿನ ಆ ಮಾತಿಗೆ ಅರ್ಥವಿರಲಿಲ್ಲ. ಈಗ ಅದು ಮೂರು ಗಾಲಿಯ ಮೇಲೆ ಉರುಳಿಕೊಂಡು ಬಂದಿತ್ತು.

ಮಾರನೇ ದಿನ ಕೂಲಿ ಬಿಟ್ಟು ಆಸ್ಪತ್ರೆಗೆ ಹೋದಳು.

"ಗಾಡಿ ಇದೆಯಾ? ಕಣ್ಣಾರೆ ನೋಡಿದ್ಯಾ?" ಕಿಟಕಿಯವನು ಕೇಳಿದ.

"ನೋಡಿದೆ ಸಾರ್. ನೀಲಿ ಬಣ್ಣದ್ದು. ನನ್ನನ್ನೂ ಕೂರು ಅಂದಳು."

"ಒಳ್ಳೇದಾಯ್ತು ಹೇಳಿದ್ದು. ನಿಮ್ಮಂಥೋರು ಹೇಳಿದ್ರೇ ತಾನೇ ನಮಗೂ ಗೊತ್ತಾಗೋದು."

"ನನ್ನ ಸರದಿ ಬರುತ್ತಲ್ವಾ ಸಾರ್?"

"ನೋಡೋಣ. ಮುಂದಿನ ತಿಂಗಳು ಬಾ."

ಮನೆಗೆ ಬಂದು ಗಂಡನಿಗೆ ಹೇಳಿದಳು. ಅವನು ಅರ ಉಜ್ಜುವುದನ್ನು ನಿಲ್ಲಿಸಿದ. ತಲೆ ಎತ್ತಲಿಲ್ಲ.

"ಸರಿ ಮಾಡ್ದೆಯೋ ತಪ್ಪು ಮಾಡ್ದೆಯೋ ನನಗೆ ಗೊತ್ತಿಲ್ಲ ಕಣೇ. ನಿನಗೆ ಮಾತ್ರೆ ಸಿಕ್ರೆ ಸಾಕು."

ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದಳು.

ಮುಂದಿನ ತಿಂಗಳು ಹಾಸಿಗೆಯವಳು ಇದ್ದುದರಲ್ಲಿ ಒಳ್ಳೆ ಬಟ್ಟೆ ಉಟ್ಟಳು, ತಲೆ ಬಾಚಿಕೊಂಡಳು. ಗಂಡನೂ ಜೊತೆಗೆ ಬಂದ. ಸಾಲಿನಲ್ಲಿ ಮೊಟ್ಟೆಯವಳು ಇರಲಿಲ್ಲ. ಅವಳಿಲ್ಲದ ಜಾಗ ನೋಡಿ ಹಾಸಿಗೆಯವಳು ಒಂದು ಹೆಜ್ಜೆ ಮುಂದೆ ಸರಿದಳು.

ಕಿಟಕಿಯವನು ಎಂದಿನ ಕ್ಯಾಪ್ಸೂಲನ್ನೇ ತಳ್ಳಿದ.

"ಇದಲ್ಲ ಸಾರ್. ಮಾತ್ರೆ. ಮೊಟ್ಟೆಯವಳ ಜಾಗ ಖಾಲಿ ಆಯ್ತಲ್ಲ?"

"ಆಯ್ತು. ಅವಳ ಹೆಸರು ತೆಗೆದ್ವಿ. ಆ ಜಾಗ ರದ್ದಾಯ್ತು."

"ರದ್ದು ಅಂದ್ರೆ?"

"ರದ್ದು ಅಂದ್ರೆ ರದ್ದಮ್ಮ. ಖಾಲಿಯಾದ ಜಾಗ ಮತ್ತೆ ತುಂಬೋ ಹಾಗಿಲ್ಲ. ಮೇಲಿಂದ ಆದೇಶ. ಮಾತ್ರೆ ಖರ್ಚು ಜಾಸ್ತಿ ಆಗಿದೆಯಂತೆ, ಕಮ್ಮಿ ಮಾಡ್ಬೇಕಂತೆ."

ಗಂಡ ಕಿಟಕಿಗೆ ಮುಖವಿಟ್ಟ. "ಈ ಆದೇಶ ಯಾವಾಗ ಬಂತು ಸಾರ್?"

"ಬಂದು ವರ್ಷದ ಮೇಲಾಯ್ತು."

"ಹಾಗಾದ್ರೆ ಇವಳನ್ನ ಸರದೀಲಿ ಯಾಕೆ ನಿಲ್ಲಿಸಿದ್ರಿ?"

"ನಿಲ್ಲಿಸಬೇಡಿ ಅಂತ ಯಾವ ಆದೇಶಾನೂ ಬಂದಿಲ್ವಲ್ಲಪ್ಪಾ."

ಹಾಸಿಗೆಯವಳು ಕಿಟಕಿಯ ಕಟ್ಟೆ ಹಿಡಿದಳು. "ಮತ್ತೆ... ನಾನು ಬಂದು ಹೇಳಿದ್ದು?"

"ನೀನು ಹೇಳಿದ್ದು ಒಳ್ಳೇದೇ ಆಯ್ತು. ಸರ್ಕಾರಕ್ಕೆ ಉಳಿತಾಯ," ಅಂದ ಕಿಟಕಿಯವನು. ಅವನು ಅಣಕಿಸಲಿಲ್ಲ. ನಿಜವಾಗಿಯೂ ಹೊಗಳಿದ.

ಅದಾಗಿ ಸ್ವಲ್ಪ ದಿನಕ್ಕೆ ಮೊಟ್ಟೆಯವಳು ಅವಳ ಮನೆ ಹುಡುಕಿಕೊಂಡು ಬಂದಳು. ಸಂಜೆಯ ಹೊತ್ತು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕೆನ್ನೆ ಇಳಿದಿತ್ತು. ಹಾಸಿಗೆಯವಳು ಇಷ್ಟು ದಿನ ಯಾವ ಮುಖ ನೋಡಲು ಮೂರು ಬೀದಿ ದಾಟುತ್ತಿದ್ದಳೋ, ಆ ಮುಖ ಈಗ ಅವಳ ಹೊಸ್ತಿಲಿಗೇ ಬಂದಿತ್ತು.

"ಕೂರೋಕೆ ಬಂದಿಲ್ಲ ತಂಗಿ. ಒಂದು ಮಾತು ಕೇಳ್ಕೊಂಡು ಹೋಗೋಣ ಅಂತ ಬಂದೆ. ನನ್ನ ಹೆಸರು ತೆಗೆದುಬಿಟ್ರು. ನನ್ನ ಜಾಗ ನಿನಗಾದ್ರೂ ಸಿಕ್ತಾ?"

ಹಾಸಿಗೆಯವಳು ಸೆರಗಿನಲ್ಲಿ ಕೈ ಒರೆಸಿಕೊಂಡಳು.

"ಸಿಕ್ಕಿದ್ರೆ ಹೇಳು. ಸುಳ್ಳು ಯಾಕೆ, ನನಗೆ ಹೊಟ್ಟೆ ಉರಿಯುತ್ತೆ. ಆದ್ರೂ ಯಾರೋ ಒಬ್ಬಳು ನುಂಗ್ತಾ ಇದ್ದಾಳಲ್ಲ ಅಂತ ಸಮಾಧಾನ."

"ಸಿಗಲಿಲ್ಲ ಅಕ್ಕ. ಆ ಜಾಗಾನೇ ಇಲ್ಲವಂತೆ. ಖಾಲಿಯಾಗಿದ್ದು ಯಾರಿಗೂ ಕೊಡಲ್ಲವಂತೆ. ವರ್ಷದ ಹಿಂದೇನೇ ಆದೇಶ ಆಗಿದೆ."

ಮೊಟ್ಟೆಯವಳು ಅವಳನ್ನೇ ನೋಡಿದಳು. "ಯಾರೋ ಪುಣ್ಯಾತ್ಮರು ಗಾಡಿ ವಿಷಯ ಹೇಳಿದ್ರಂತೆ. ಆ ಗಾಡಿ ನನ್ನದಾ? ಬಡ್ಡಿಯವನದು. ನನ್ನದು ಬರೀ ಕಂತು. ವಾಪಸ್ ಕೊಟ್ಟೂ ಬಂದೆ, ಹೋಗಿ ಹೇಳಿದೆ. ಒಮ್ಮೆ ತೆಗೆದ ಹೆಸರು ತೆಗೆದ ಹಾಗೇ ಅಂದ ಆ ಕಿಟಕಿಯವನು."

"ನಾನೇ ಹೇಳಿದ್ದು," ಅಂದಳು ಹಾಸಿಗೆಯವಳು.

ಒಳಗೆ ಅತ್ತೆ ಎದ್ದು ಕೂತಳು. ಗಂಡ ಅರ ಕೆಳಗಿಟ್ಟ.

"ಏನಂದೆ?"

"ನಾನೇ ಅಕ್ಕ. ಕಿಟಕೀಲಿ ಹೋಗಿ ಹೇಳಿದ್ದು ನಾನೇ."

ಮೊಟ್ಟೆಯವಳು ಒಂದು ಹೆಜ್ಜೆ ಒಳಗಿಟ್ಟು ಕಪಾಳಕ್ಕೆ ಬಿಗಿದಳು. ಹಾಸಿಗೆಯವಳು ಗೋಡೆಗೆ ತಾಗಿ ಕುಸಿದಳು. ಗಂಡ ಎದ್ದ. ಅತ್ತೆ ಅವನ ಪಂಚೆ ಹಿಡಿದೆಳೆದಳು. "ಕೂತ್ಕೋ ನೀನು. ಅದು ಅವಳಿಗೆ ಬರಬೇಕಾದ ಬಾಕಿ."

"ಒಡೆದ ಮೊಟ್ಟೆ ಸುತ್ತಿ ಕೊಟ್ನಲ್ಲೇ ನಿನಗೆ!" ಮೊಟ್ಟೆಯವಳು ಕೂಗಿದಳು. "ತಿನ್ನು ಅಂತ ಕೊಟ್ನಲ್ಲೇ!"

"ಅದಕ್ಕೇ ಜಾಸ್ತಿ ಉರೀತು," ಅಂದಳು ಹಾಸಿಗೆಯವಳು. "ನೀನು ನಗೋದು ನೋಡಿದ್ರೆ ಉರೀತಿತ್ತು. ನಿನಗೆ ಜ್ವರ ಬಂದ ದಿನ ನಾನು ಹೊಟ್ಟೆ ತುಂಬ ಉಂಡೆ."

ಮೊಟ್ಟೆಯವಳ ಕೈ ಮತ್ತೆ ಮೇಲೆದ್ದಿತು. ಹೊಡೆಯಲಿಲ್ಲ. ಅವಳಿಗೆ ದಣಿವಾಗಿತ್ತು. ಹೊಸ್ತಿಲ ಮೇಲೇ ಕೂತಳು. ತುಂಬ ಹೊತ್ತು ಇಬ್ಬರೂ ಅತ್ತರು. ಒಬ್ಬರ ಕಡೆ ಒಬ್ಬರು ನೋಡದೆ, ಬೇರೆ ಬೇರೆಯಾಗಿ ಅತ್ತರು.

"ವರ್ಷದ ಹಿಂದೇನೇ ಅಂದ್ಯಲ್ಲ?" ಕೊನೆಗೆ ಮೊಟ್ಟೆಯವಳು ಕೇಳಿದಳು.

"ಹೂಂ."

"ಅಂದ್ರೆ ನಾನು ಸತ್ತಿದ್ರೂ ನಿನಗೆ ಸಿಗ್ತಿರಲಿಲ್ಲ."

"ಇಲ್ಲ."

ಮೊಟ್ಟೆಯವಳು ಕಣ್ಣೊರೆಸಿಕೊಂಡು ನಕ್ಕಳು. ಕೇಳಲು ಚೆನ್ನಾಗಿಲ್ಲದ ನಗು. "ಇಲ್ಲದ ಗಂಡನಿಗೆ ಸವತಿ ಜಗಳ ಆಡಿದ್ವಲ್ಲೇ." ಆಮೇಲೆ ಎದ್ದಳು. "ಔಷಧಿ ಕೊಡೋ ದಿನ ಬಾ. ಇಲ್ಲಿ ಹೇಳಿದ್ಯಲ್ಲ, ಇದನ್ನೇ ಅಲ್ಲಿ ಎಲ್ಲರ ಮುಂದೆ ಹೇಳು. ಬರದಿದ್ರೆ ಇನ್ನೊಂದು ಕಪಾಳಕ್ಕೆ ಬರ್ತೀನಿ."

ಆ ದಿನ ಸಾಲು ಎಂದಿನ ಹಾಗೇ ಇತ್ತು. ಗಂಡನೂ ಜೊತೆಗೆ ಬಂದಿದ್ದ. ಹಾಸಿಗೆಯವಳು ಗೋಡೆ ಹಿಡಿದುಕೊಂಡು ಮುಂದೆ ಬಂದು ಜನರ ಕಡೆ ತಿರುಗಿ ನಿಂತಳು. ತಾನು ಚಾಡಿ ಹೇಳಿದ್ದನ್ನು ಹೇಳಿದಳು. ಆ ಜಾಗ ಯಾರಿಗೂ ಸಿಗದೆ ಹೋದದ್ದನ್ನು ಹೇಳಿದಳು.

"ನಾವು ಕಾಯ್ತಾ ಇದ್ದೀವಲ್ಲ, ಜಾಗ ಇಲ್ಲದೋರು, ನಮಗೆ ಸರದಿ ಅನ್ನೋದೇ ಇಲ್ಲ. ಒಬ್ಬರ ಸಾವು ಒಬ್ಬರು ಬಯಸ್ತಾ ನಿಂತಿದ್ವಿ, ಅಷ್ಟೆ. ಜಾಗ ಇರೋರೇ, ನೀವೂ ಕೇಳಿ. ನಿಮ್ಮಲ್ಲಿ ಯಾರು ಹೋದ್ರೂ ಇವರಿಗೆ ಉಳಿತಾಯ. ನಾಳೆ ಇನ್ನೊಂದು ಬೋರ್ಡು ಹಾಕ್ತಾರೆ. ಫ್ಯಾನ್ ಇರೋರಿಗೆ ಇಲ್ಲ ಅಂತಾರೆ. ಚಪ್ಪಲಿ ಇರೋರಿಗೆ ಇಲ್ಲ ಅಂತಾರೆ."

ಸಾಲಿನಲ್ಲಿ ಗುಸುಗುಸು ಎದ್ದಿತು. ಆಗಲೇ ಡಬ್ಬಿ ಪಡೆದು ನಿಂತಿದ್ದ ಕೆಲವರು ಅದನ್ನು ಬಟ್ಟೆಯೊಳಗೆ ಮುಚ್ಚಿಕೊಂಡರು. ಒಬ್ಬ, "ನಮ್ಮದಕ್ಕೂ ಕಲ್ಲು ಹಾಕಬೇಡಮ್ಮ, ಸುಮ್ಮನಿರು," ಅಂದ. ಜಾಗ ಇಲ್ಲದ ಒಬ್ಬ ಹೆಂಗಸು ಅವನ ಮೇಲೆ ಹರಿಹಾಯ್ದಳು. ಗದ್ದಲ ಜೋರಾಯಿತು. ಮೊಟ್ಟೆಯವಳು ಕಿಟಕಿಯ ಕಟ್ಟೆಗೆ ಎರಡೂ ಕೈ ಊರಿ ನಿಂತು, "ನಮ್ಮ ಇಬ್ಬರ ಮಾತ್ರೆ ಕೊಡೋವರೆಗೂ ಇಲ್ಲಿಂದ ಕದಲಲ್ಲ," ಅಂದಳು.

ಕಿಟಕಿಯವನು ಮೇಲಿನವರನ್ನು ಕರೆಸಿದ. ಇಸ್ತ್ರಿ ಮಾಡಿದ ಬಟ್ಟೆಯ ಅಧಿಕಾರಿ ಬಂದರು. ಅವರು ಗದರಲಿಲ್ಲ. ಬಹಳ ಮೆದುವಾಗಿ ಮಾತಾಡಿದರು.

"ಏನಮ್ಮಾ, ಯಾಕೆ ಜಗಳ? ನನ್ನ ಕೈಲಾದಷ್ಟು ಮಾಡ್ತೀನಿ. ವಿಶೇಷ ಪ್ರಕರಣ ಅಂತ ಬರೆದು ಒಂದು ಜಾಗ ವಾಪಸ್ ತರ್ತೀನಿ, ಒಂದೇ ಒಂದು. ನಿಮ್ಮಿಬ್ಬರಲ್ಲಿ ಯಾರಿಗೆ ಅಂತ ನೀವೇ ಮಾತಾಡ್ಕೊಂಡು ಹೇಳಿ."

ಗದ್ದಲ ನಿಂತಿತು.

ಹಾಸಿಗೆಯವಳಿಗೆ ಆಸೆಯಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಆಯಿತು. 'ನನಗೆ' ಅನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಹಿಂದಿನಿಂದ ಗಂಡ ಅವಳ ಮೊಣಕೈ ಒತ್ತಿದ. "ನಿನಗೆ ಅನ್ನು. ಬೇಗ ಅನ್ನು," ಅಂತ ಕಿವಿಯಲ್ಲಿ ಪಿಸುಗುಟ್ಟಿದ. ಅವಳು ಮೊಟ್ಟೆಯವಳ ಕಡೆ ನೋಡಿದಳು. ಮೊಟ್ಟೆಯವಳ ತುಟಿಯೂ ಅಲುಗುತ್ತಿತ್ತು. ಇಬ್ಬರ ಕಣ್ಣಲ್ಲೂ ಒಂದೇ ಡಬ್ಬಿ. ಅವಳಿಗೆ ಅಷ್ಟು ತುಂಬು ಕೆನ್ನೆಯಿತ್ತು ಇಷ್ಟು ದಿನ. ಅವಳು ಅಷ್ಟು ದಿನ ನುಂಗಿದ್ದಳು. ಇನ್ನು ಸರದಿ ನನ್ನದಲ್ಲವೇ?

ಅಧಿಕಾರಿ ಕೈಗಡಿಯಾರ ನೋಡಿಕೊಂಡರು. ಅವರಿಗೆ ಅವಸರವೇನೂ ಇರಲಿಲ್ಲ. ಈ ಇಬ್ಬರು ಕಿತ್ತಾಡಿದರೆ ತಮ್ಮ ಕೆಲಸ ಮುಗಿಯುತ್ತದೆ ಅಂತ ಗೊತ್ತಿದ್ದವರ ಹಾಗೆ ನಿಂತಿದ್ದರು. ಹಾಸಿಗೆಯವಳು ಅದನ್ನು ನೋಡಿದಳು.

"ಸಾಹೇಬ್ರೇ," ಅಂದಳು. "ಹೋದ ಸಲ ಈ ಕೆಲಸ ನಿಮಗೆ ನಾನು ಪುಕ್ಕಟೆ ಮಾಡಿಕೊಟ್ಟೆ. ಯಾರ ಹೆಸರು ತೆಗೀಬೇಕು ಅಂತ ನಾನೇ ಹೇಳಿದೆ. ಈ ಸಲ ಮಾಡಲ್ಲ. ನಿಮ್ಮ ಕೆಲಸ ನೀವೇ ಮಾಡ್ಕೊಳ್ಳಿ. ಇವಳನ್ನ ಸಾಯಿಸ್ತೀರೋ ನನ್ನನ್ನ ಸಾಯಿಸ್ತೀರೋ, ಇಷ್ಟು ಜನದ ಮುಂದೆ ನಿಮ್ಮ ಬಾಯಲ್ಲೇ ಹೇಳಿ."

ಅಷ್ಟು ಹೇಳಿ, ಕಿಟಕಿಯ ಕೆಳಗೆ ನೆಲದ ಮೇಲೆ ಕೂತಳು. ಮೊಟ್ಟೆಯವಳು ನಿಂತೇ ಇದ್ದಳು. ಅಧಿಕಾರಿಯ ಮುಖ ನೋಡಿದಳು. ಅವಳೂ ಸುಮ್ಮನೆ ಕೆಳಗೆ ಕೂತಳು. ತಾಗಿಕೊಂಡು ಅಲ್ಲ, ಒಂದು ಗೇಣು ದೂರದಲ್ಲಿ.

ಅಧಿಕಾರಿಯ ಮುಖ ಕೆಂಪಾಗಿತ್ತು. ಕಿಟಕಿಯವನಿಗೆ ಸನ್ನೆ ಮಾಡಿದರು. ಅವನು ಗಂಟಲು ಸರಿಮಾಡಿಕೊಂಡು, ಇಬ್ಬರ ತಲೆಯ ಮೇಲಿಂದ ಕೂಗಿದ.

"ಮುಂದಿನವರು ಯಾರು? ಬನ್ನಿ."

ಮುಂದಿನವನು ಟೋಪಿಯ ಮುದುಕ. ಅವನ ಜಾಗ ಭದ್ರವಾಗಿತ್ತು. ಅವನ ಡಬ್ಬಿ ಕಟ್ಟೆಯ ಮೇಲೆ ಆಗಲೇ ಬಂದು ಕೂತಿತ್ತು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಅವನು ಡಬ್ಬಿ ನೋಡಿದ. ನೆಲದ ಮೇಲೆ ಕೂತ ಇಬ್ಬರನ್ನು ನೋಡಿದ. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ತಾತ, ನಿಮ್ಮನ್ನೇ ಕರೆದಿದ್ದು. ಬನ್ನಿ."

ಮುದುಕ ನಿಂತಲ್ಲಿಂದ ಕದಲಲಿಲ್ಲ.

"ಸರಿ, ಅವರ ಹಿಂದಿನವರು ಬನ್ನಿ," ಅಂದ ಕಿಟಕಿಯವನು.

ಯಾರೂ ಬರಲಿಲ್ಲ.